ಕೈ ನನ್ನದು, ಮುಖ ನೆಗೆಣ್ಣಿಯದು

ಟೀವಿಯಲ್ಲಿ ಬಂದದ್ದು ನನ್ನ ಕೈ. ಆ ಕೈ ಕಾಣುವಾಗ ಕೇಳಿಸಿದ ಮಾತು ನನ್ನ ನೆಗೆಣ್ಣಿಯದು. ಮುಖವೂ ಅವಳದೇ. ನಡುವೆ ಒಂದು ಕೆಮ್ಮು ಕೇಳಿತು, ಅದು ಮತ್ತೆ ನನ್ನದು. ಹೀಗೆ ನನ್ನನ್ನು ತುಂಡು ತುಂಡು ಮಾಡಿ ಅವಳ ಸುತ್ತ ಹಚ್ಚಿ ಊರಿಗೆಲ್ಲ ತೋರಿಸಿದರು. ಊರು ಅವಳನ್ನು ಹೊಗಳಿತು. ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೆ ಬೇರೆ ಚಂದದ ಹೆಸರು ಹುಡುಕಲು ನನಗೆ ಬರುವುದಿಲ್ಲ.

ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ. ಬ್ಯಾಡಗಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನನಗಿಂತ ಸ್ವಲ್ಪವೇ ಸಣ್ಣವಳು. ಆದರೆ ಕೂದಲಿಗೆ ಕಪ್ಪು ಹಚ್ಚುತ್ತಾಳೆ, ಮೈ ಇನ್ನೂ ಬಾಗಿಲ್ಲ, ಹಲ್ಲು ಬಿದ್ದಿಲ್ಲ. ಮಾತು ಮೆತ್ತಗೆ. ಅವಳು ಏನು ಹೇಳಿದರೂ ಕೇಳುವವರು ಒಂದು ಹೆಜ್ಜೆ ಹತ್ತಿರ ಸರಿಯುತ್ತಾರೆ. ನಾನು ಹೇಳಿದರೆ ಹಿಂದೆ ಸರಿಯುತ್ತಾರೆ. ಮದುವೆಯಾಗಿ ಬಂದ ದಿನದಿಂದ ಹೀಗೇ ನಡೆದಿದೆ.

ಇಬ್ಬರದೂ ಮೆಣಸಿನಕಾಯಿ ಕೆಲಸ. ಕಾಯಿಯ ತಲೆಯ ಮೇಲಿನ ತೊಟ್ಟನ್ನು ನಾವು ತುಂಬು ಎನ್ನುತ್ತೇವೆ. ಸುಗ್ಗಿಯಲ್ಲಿ ಮಾರುಕಟ್ಟೆ ಯಾರ್ಡಿನ ಅಡತಿ ದಲ್ಲಾಳಿಗಳ ಅಂಗಡಿಗಳ ಮುಂದೆ ಕಾಯಿಯನ್ನು ಗುಡ್ಡ ಹಾಕುತ್ತಾರೆ. ನಾವು ಹೆಂಗಸರು ಸುತ್ತ ಕೂತು ಒಂದೊಂದೇ ಕಾಯಿ ಹಿಡಿದು ತುಂಬು ಮುರಿದು ಬೇರೆ ಮಾಡುತ್ತೇವೆ. ನಮ್ಮೂರ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎಂದು ವ್ಯಾಪಾರದವರು ಹೇಳುತ್ತಾರೆ. ಹೇಳಲಿ. ಬೆಳಗಿನಿಂದ ಸಂಜೆಯ ತನಕ ಅದರಲ್ಲಿ ಕೈಯಾಡಿಸಿ ಆಮೇಲೆ ತಮ್ಮ ಕಣ್ಣು ಒರೆಸಿಕೊಂಡು ನೋಡಲಿ. ಘಾಟು ಮೂಗಿಗೆ ಹೋಗಬಾರದೆಂದು ಎಲ್ಲರೂ ಸೆರಗನ್ನು ಮೂಗು ಬಾಯಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತೇವೆ. ಕಣ್ಣಷ್ಟೇ ಹೊರಗೆ. ಹಾಗೆ ಕೂತರೆ ಹೆತ್ತ ಮಗಳಿಗೂ ಗುರುತು ಹತ್ತುವುದಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಹಾವೇರಿಯಿಂದ ಟೀವಿಯವರು ಬಂದರು. ಒಬ್ಬಳು ಹುಡುಗಿ, ಒಬ್ಬ ಕ್ಯಾಮೆರಾದವ. ಹುಡುಗಿ ಬೆಂಗಳೂರು ಕಡೆಯವಳು, ಮಾತಿನಲ್ಲೇ ಗೊತ್ತಾಯಿತು. ಕ್ಯಾಮೆರಾದವನು ಮೂರು ಕಾಲಿನ ಸ್ಟ್ಯಾಂಡು ಬಿಚ್ಚುತ್ತಿದ್ದ. ಅಷ್ಟರಲ್ಲಿ ಹುಡುಗಿ ಬಂದು ನನ್ನ ಹತ್ತಿರ ಚೀಲದ ಮೇಲೆ ಕೂತಳು.

"ಅಜ್ಜಿ, ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀರಿ?"

"ಹಲ್ಲು ಇದ್ದಾಗಿಂದ," ಅಂದೆ.

ನಕ್ಕಳು. ನನ್ನ ಪಕ್ಕದಲ್ಲಿ ನೆಗೆಣ್ಣಿ ಕೂತಿದ್ದಳು. ಅವಳನ್ನು ನೋಡಿ ಹುಡುಗಿ, "ಅಕ್ಕ, ನೀವು?" ಅಂದಳು. ನಾನು ಅಜ್ಜಿ, ಅವಳು ಅಕ್ಕ. ಅದು ಮೊದಲ ಮುಳ್ಳು.

ಆದರೆ ಹುಡುಗಿ ಕೇಳುವ ರೀತಿ ಚೆನ್ನಾಗಿತ್ತು. ಗಡಿಬಿಡಿ ಇರಲಿಲ್ಲ. ಈ ಕೆಲಸದಲ್ಲಿ ನಿಮಗೆ ಮರೆಯಲಾಗದ್ದು ಏನು ಎಂದು ಕೇಳಿದಳು. ನನ್ನನ್ನು ಯಾರೂ ಇಂಥದ್ದನ್ನು ಕೇಳಿದವರಲ್ಲ. ನಾನು ಕೈ ನಿಲ್ಲಿಸದೆಯೇ ಹೇಳಿದೆ.

ನನ್ನ ಮಗಳು ಆಗ ಎದೆಹಾಲು ಕುಡಿಯುವ ಕೂಸು. ಅದನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದೆ. ಸಂಜೆ ಮನೆಗೆ ಹೋದರೆ ಕೂಸು ನನ್ನ ಸದ್ದು ಕೇಳಿಯೇ ಅಳುವುದು. ನನ್ನ ಎದೆ ಹಾಲು ತುಂಬಿ ಕಲ್ಲಾಗಿರುವುದು. ಕೈ ಮಾತ್ರ ಉರಿಯುವ ಕೊಳ್ಳಿ. ಮಜ್ಜಿಗೆಯಲ್ಲಿ ತೊಳೆದರೂ, ಬೂದಿ ಹಚ್ಚಿ ತಿಕ್ಕಿದರೂ ಖಾರ ಹೋಗುವುದಿಲ್ಲ. ಒಮ್ಮೆ ಎದೆ ಮುಟ್ಟಿಕೊಂಡು ಹಾಲು ಕೊಟ್ಟುಬಿಟ್ಟೆ. ಕೂಸಿನ ತುಟಿ ಕೆಂಪಗೆ ಬಾತಿತು, ಉಸಿರು ನಿಲ್ಲುವ ಹಾಗೆ ಕಿರಿಚಿತು. ಅಂದಿನಿಂದ ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮುಂದೆ ಬಗ್ಗಿ ಕೂಡುತ್ತಿದ್ದೆ. ಮನೆಯವರು ಯಾರಾದರೂ ಕೂಸನ್ನು ಎತ್ತಿ ನನ್ನ ಎದೆಗೆ ಹಿಡಿಯುತ್ತಿದ್ದರು. ಕರು ಆಕಳ ಕೆಚ್ಚಲಿಗೆ ಬಾಯಿ ಹಾಕಿದ ಹಾಗೆ ಅದು ಕುಡಿಯುವುದು. ನನ್ನ ಕೂಸನ್ನು ನಾನು ಮುಟ್ಟುವ ಹಾಗಿರಲಿಲ್ಲ.

ಹುಡುಗಿಯ ಕಣ್ಣಲ್ಲಿ ನೀರು ಬಂತು. ಘಾಟಿಗೆ ಬಂತೋ ಮಾತಿಗೆ ಬಂತೋ ನಾನು ಕೇಳಲಿಲ್ಲ. ಅವಳು ಎದ್ದು ಕ್ಯಾಮೆರಾದವನನ್ನು ಕರೆದಳು. ಅವನು ಬಂದು ನನ್ನ ಮುಖಕ್ಕೆ ಕ್ಯಾಮೆರಾ ತಿರುಗಿಸಿ, ಸೆರಗಿಗೆ ಒಂದು ಸಣ್ಣ ಮೈಕು ಸಿಕ್ಕಿಸಿದ.

"ಅಜ್ಜಿ, ಮುಖದ ಮೇಲಿನ ಸೆರಗು ತೆಗೀತೀರಾ? ಈಗ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ಸಲ ಹೇಳಿ. ನನ್ನ ಪ್ರಶ್ನೆ ಟೀವಿಯಲ್ಲಿ ಬರಲ್ಲ. ಅದಕ್ಕೆ ಮೊದಲಿಂದ ಪೂರ್ತಿ ಹೇಳಿ."

"ಈಗ ಹೇಳೇನಲ್ಲವಾ."

"ಅದು ರೆಕಾರ್ಡ್ ಆಗಿಲ್ಲ ಅಜ್ಜಿ."

"ನಿನ್ನ ಕಿವ್ಯಾಗ ಬಿದ್ದೈತಿ ಇಲ್ಲೋ?"

"ಬಿದ್ದಿದೆ. ಆದ್ರೆ ಟೀವಿ ನೋಡೋರಿಗೆ..."

"ಅವರಿಗೆ ನೀ ಹೇಳು. ನಾ ಹೇಳಿದ್ದನ್ನ ಹೊಳ್ಳಿ ಹೇಳಾಕಿ ಅಲ್ಲ."

ಸುತ್ತ ಕೂತ ಹೆಂಗಸರು ಕಿಸಕ್ಕನೆ ನಕ್ಕರು. ನನಗೆ ಆ ಹೊತ್ತಿಗೆ ಅದೇ ಸರಿ ಅನ್ನಿಸಿತ್ತು. ಕಷ್ಟವನ್ನು ಎರಡು ಸಲ ಹೇಳುವವರು ನನಗೆ ಬೇಡಲು ಬಂದವರ ಹಾಗೆ ಕಾಣುತ್ತಾರೆ. ನಮ್ಮ ಕಡೆ ಸಾವಿನ ಮನೆಯಲ್ಲೂ ಹಾಗೆಯೇ. ಹೇಗೆ ಹೋಯಿತು ಜೀವ ಎಂದು ಒಬ್ಬರು ಕೇಳುತ್ತಾರೆ, ಮನೆಯವರು ಒಮ್ಮೆ ಹೇಳುತ್ತಾರೆ. ತಡವಾಗಿ ಬಂದವರು ಪಕ್ಕದವರ ಬಾಯಿಂದ ತಿಳಿದುಕೊಳ್ಳಬೇಕು. ಮನೆಯವರ ಬಾಯಿ ಮತ್ತೆ ಬಿಡಿಸುವುದಿಲ್ಲ. ಟೀವಿಯವರೂ ಹಾಗೆಯೇ ತಿಳಿದುಕೊಳ್ಳುತ್ತಾರೆ ಎಂದುಕೊಂಡೆ.

ತಿಳಿದುಕೊಂಡರು. ಪಕ್ಕದವಳಿಂದ.

ಹುಡುಗಿ ನನ್ನನ್ನು ಒತ್ತಾಯ ಮಾಡಲಿಲ್ಲ. ನೆಗೆಣ್ಣಿಯ ಕಡೆ ತಿರುಗಿದಳು. ಅವಳಾಗಲೇ ಸೆರಗು ಬಿಚ್ಚಿ, ಅದರ ಒಳಮಗ್ಗುಲಿನಿಂದ ಮುಖ ಒರೆಸಿಕೊಂಡು, ಕುಂಕುಮ ಸರಿ ಮಾಡಿಕೊಂಡು ಕೂತಿದ್ದಳು. ಇಲ್ಲಿ ಗದ್ದಲವೆಂದು ಅವಳನ್ನು ಚೀಲಗಳ ಆಚೆ ಅಂಗಡಿಯ ಒಳಗೆ ಕರೆದುಕೊಂಡು ಹೋದರು. ಅಲ್ಲಿ ಏನು ಹೇಳಿದಳೋ ನನಗೆ ಕೇಳಲಿಲ್ಲ. ತಿರುಗಿ ಬಂದವಳು ಸುಮ್ಮನೆ ಕೂತು ತುಂಬು ಮುರಿಯತೊಡಗಿದಳು. ನನ್ನ ಕಡೆ ನೋಡಲಿಲ್ಲ.

ಆಮೇಲೆ ಕ್ಯಾಮೆರಾದವನು ನನ್ನ ಹತ್ತಿರ ಕುಕ್ಕರಗಾಲಲ್ಲಿ ಕೂತ. ಅವನಿಗೆ ಮಾತು ಬೇಡವಾಗಿತ್ತು. ನನ್ನ ಕೈಯನ್ನು ಹತ್ತಿರದಿಂದ ತೆಗೆದ, ಮೇಲಿನಿಂದ ತೆಗೆದ, ಹೆಬ್ಬೆರಳ ಸೊಟ್ಟ ಉಗುರನ್ನಂತೂ ಎಷ್ಟು ಹೊತ್ತು ತೆಗೆದನೋ. ಆಮೇಲೆ ನಾಯಿಬಾಲದಂಥ ಒಂದು ಮೈಕನ್ನು ಕಾಯಿಯ ರಾಶಿಗೆ ಚಾಚಿದ.

"ಎಲ್ಲರೂ ಸ್ವಲ್ಪ ಹೊತ್ತು ಮಾತಾಡಬ್ಯಾಡ್ರಿ. ಬರೇ ಸಪ್ಪಳ ಬೇಕು. ಕೆಲಸ ಮಾಡ್ರಿ." ಅವನು ನಮ್ಮ ಹಾವೇರಿಯವನೇ.

"ಮಾತಿಲ್ಲದ ಹೆಂಗಸರನ್ನ ಎಲ್ಲಿಂದ ತರೂಣಪಾ?" ಒಬ್ಬಳು ಅಂದಳು. ಮತ್ತೆ ನಗು. ನಗು ನಿಂತ ಮೇಲೆ ಸದ್ದು ಕೇಳಿತು. ಚಟ್, ಚಟ್, ಚಟ್. ಇಷ್ಟು ಹೆಂಗಸರ ಕೈಯಲ್ಲಿ ಇಷ್ಟು ತುಂಬು ಮುರಿಯುವ ಸದ್ದು ಒಲೆಯಲ್ಲಿ ಹಸಿ ಕಟ್ಟಿಗೆ ಸಿಡಿದ ಹಾಗೆ. ಇಷ್ಟು ವರ್ಷ ಅದರ ನಡುವೆ ಕೂತು ನಾನು ಅದನ್ನು ಕೇಳಿರಲಿಲ್ಲ. ಅಷ್ಟರಲ್ಲಿ ನನಗೆ ಕೆಮ್ಮು ಬಂತು.

"ಯವ್ವಾ, ಭಾಳ ಚಲೋ ಆತು. ಇನ್ನೊಮ್ಮೆ ಕೆಮ್ಮು."

"ಕೆಮ್ಮು ಹೇಳಿದಾಗ ಬರ್ತೈತೇನೋ? ಅದೇನು ನಿಮ್ಮನಿ ಆಳೇನು?"

ಹೀಗೆ ಆ ದಿನ ಮುಗಿಯಿತು. ಮುಖ ತೋರಿಸಲಿಲ್ಲ ಅಂತ ನನಗೇನೂ ಬೇಸರವಿರಲಿಲ್ಲ. ನನ್ನ ಮಾತನ್ನು ಹುಡುಗಿ ಟೀವಿಯಲ್ಲಿ ಹೇಳುತ್ತಾಳೆ, ಬ್ಯಾಡಗಿಯ ಇಂಥ ಅಜ್ಜಿ ಹೀಗಂದಳು ಎನ್ನುತ್ತಾಳೆ, ರಾಣೆಬೆನ್ನೂರಿನಲ್ಲಿರುವ ನನ್ನ ಮಗಳು ನೋಡುತ್ತಾಳೆ. ಇಷ್ಟು ಆಸೆ ಮಾಡಿದ್ದೆ. ಮಗಳಿಗೆ ಆ ಕತೆ ನಾನು ಎಂದೂ ಹೇಳಿರಲಿಲ್ಲ.

ಸುದ್ದಿ ಬಂದ ಸಂಜೆ ಓಣಿಯ ಹೆಂಗಸರೆಲ್ಲ ನೆಗೆಣ್ಣಿಯ ಮನೆಯಲ್ಲಿ ಸೇರಿದರು. ದೊಡ್ಡ ಟೀವಿ ಇರುವುದು ಅವಳ ಮನೆಯಲ್ಲೇ, ಅವಳ ಮಗ ತಂದು ಗೋಡೆಗೆ ಹಾಕಿದ್ದಾನೆ. ನಾನು ಬಾಗಿಲ ಹತ್ತಿರ ಕೂತೆ.

ಮೊದಲು ಸದ್ದು ಬಂತು, ಚಿತ್ರ ಇರಲಿಲ್ಲ. ಚಟ್, ಚಟ್. ಆಮೇಲೆ ಕೆಂಪು. ಪೂರಾ ಕೆಂಪು. ಆ ಕೆಂಪಿನಲ್ಲಿ ನನ್ನ ಕೈ ಬಂತು. ಅಷ್ಟು ದೊಡ್ಡ ಕೈ! ಗೋಡೆ ತುಂಬ ನನ್ನ ಬೆರಳು. ನನ್ನ ಎದೆ ಹಿಗ್ಗಿತು. ಆಗ ಮಾತು ಶುರುವಾಯಿತು.

"ನನ್ನ ಹೆಣ್ಣಕೂಸು ಹಸದು ಅಳಾಕತ್ತಿತ್ತುರಿ. ನನ್ನ ಕೈ ನೋಡಿದ್ರ ಖಾರ. ನಾ ಎರಡೂ ಕೈ ಬೆನ್ನ ಹಿಂದ ಕಟಗೊಂಡು ಕುಂದರತಿದ್ದೆ..."

ನೆಗೆಣ್ಣಿಯ ದನಿ. ಮೆತ್ತಗೆ, ನಡುನಡುವೆ ನಿಂತು, ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತು. ನನ್ನ ಕೈ ಹೋಗಿ ಅವಳ ಮುಖ ಬಂತು. ಅವಳ ಕಣ್ಣಲ್ಲಿ ನೀರು. ಮುಖದ ಕೆಳಗೆ ಅಕ್ಷರ ಬಂದವು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಅವಳ ಹೆಸರಿನ ಮೊದಲ ಎರಡು ಅಕ್ಷರ ಕೂಡಿಸುವಷ್ಟರಲ್ಲಿ ಅವು ಹೋದವು. ಮತ್ತೆ ನನ್ನ ಕೈ, ನನ್ನ ಕೆಮ್ಮು. ಕೆಮ್ಮಿನ ಮೇಲೆ ಅವಳ ಮಾತು: "ನನ್ನ ಕೂಸನ್ನ ನಾ ಮುಟ್ಟೂ ಹಂಗಿರಲಿಲ್ಲರಿ." ಅಲ್ಲಿಗೆ ಮುಗಿಯಿತು.

ಹೆಂಗಸರು ಮೂಗು ಒರೆಸಿಕೊಂಡರು. ಒಬ್ಬಳು ನೆಗೆಣ್ಣಿಯ ಬೆನ್ನು ಸವರಿದಳು. ಅವಳಿಗೆ ಹುಟ್ಟಿದ್ದು ಎರಡೂ ಗಂಡು ಎಂಬುದು ಓಣಿಗೆಲ್ಲ ಗೊತ್ತು. ಹೆಣ್ಣುಕೂಸು ಎಲ್ಲಿಂದ ಬಂತೆಂದು ಒಬ್ಬಳೂ ಕೇಳಲಿಲ್ಲ. ಅಷ್ಟು ಚೆನ್ನಾಗಿ ಹೇಳಿದ್ದಳು. ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ಇದೇ: ನಾನು ಹೇಳಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಅದು ಬಹಳ ಸುಟ್ಟಿತು.

ಮನೆಗೆ ಬಂದೆ. ಫೋನು ಬಡಿಯುತ್ತಿತ್ತು. ಮಗಳು.

"ಯವ್ವಾ, ನೋಡಿದಿ ಇಲ್ಲೋ? ಚಿಗವ್ವ ಏನ್ ಮಾತಾಡ್ಯಾಳ! ನಮ್ಮ ಅಂಗಡಿಗೆ ಬಂದವರೆಲ್ಲ ಅತ್ತಬಿಟ್ರು. ನಿನ್ನ ಯಾಕ ಕೇಳಲಿಲ್ಲ ಅವರು?"

"ಕೇಳಿದ್ರು."

"ಮತ್ತ? ನೀ ಬೈದು ಕಳಿಸಿರಬೇಕು."

"ಹೂಂ," ಅಂದು ಫೋನ್ ಇಟ್ಟೆ.

ಮರುದಿನ ಬೆಳಗ್ಗೆ ನಳದ ಹತ್ತಿರ ಅವಳನ್ನು ಹಿಡಿದೆ. ಸುತ್ತ ಯಾರೂ ಇರಲಿಲ್ಲ.

"ನನ್ನ ಮಾತು ನಿನ್ನ ಬಾಯಾಗ ಯಾಕ ಬಂತು?"

ಕೊಡ ಕೆಳಗಿಟ್ಟಳು. "ಆಕಿ ಅಕ್ಕಾ ಅಕ್ಕಾ ಅಂತ ಕೇಳಿದ್ಲು. ನನ್ನ ಬಾಯಾಗ ಅದ ಬಂತು."

"ನಿನಗ ಹೆಣ್ಣಕೂಸು ಯಾವಾಗ ಆತವಾ? ನನಗ ಪೇಢೇನ ಕೊಡಲಿಲ್ಲ."

ನಗಲಿಲ್ಲ ಅವಳು. "ಯಕ್ಕಾ, ನೀ ಆ ಹುಡುಗಿ ಮುಂದ ಏನಂದಿ? ಮನಿಯವರು ಯಾರಾದರೂ ಎತ್ತಿ ಹಿಡೀತಿದ್ರು ಅಂದಿ. ಯಾರಾದರೂ! ನಾ ನಿನ್ನ ಮಗ್ಗಲದಾಗ ಕುಂತಿದ್ದೆ. ನನ್ನ ಮಾರಿ ನೋಡಿ ಅಂದಿ ಆ ಮಾತು."

ನಾನು ನನ್ನ ಕೊಡವನ್ನು ನಳದ ಕೆಳಗೆ ಸರಿಸಿದೆ.

"ಕೂಸನ್ನ ಎತ್ತಿ ನಿನ್ನ ಎದಿಗೆ ಹಿಡದಾಕಿ ಯಾರು? ನೀ ಬರೂತನಕ ದಿನಾ ಅದಕ್ಕ ಹಾಲು ಕುಡಿಸಿದಾಕಿ ಯಾರು? ನನ್ನ ಮಗ ಒಂದು ಕಡೆ, ನಿನ್ನ ಮಗಳು ಒಂದು ಕಡೆ. ಇಷ್ಟ ವರ್ಷ ನಿನ್ನ ಮಗಳಿಗೆ ನಾ ಹೇಳಿಲ್ಲ, ನೀನ ಹೇಳ್ತೀದಿ ಅಂತ. ನೀ ಟೀವಿಯವರ ಮುಂದನೂ ನನ್ನ ಯಾರಾದರೂ ಮಾಡಿದಿ."

"ಆಕಿ ನನ್ನ ಮೆಣಸಿನಕಾಯಿ ಬಗ್ಗೆ ಕೇಳಿದ್ಲು. ಹಾಲಿನ ಬಗ್ಗೆ ಕೇಳಲಿಲ್ಲ," ಅಂದೆ.

ಕೊಡ ಎತ್ತಿಕೊಂಡು ಹೋಗಿಬಿಟ್ಟಳು.

ಅವಳು ಹೇಳಿದ್ದು ಸುಳ್ಳಲ್ಲ. ನಾವಿಬ್ಬರೂ ಆ ವರ್ಷ ಬಾಣಂತಿಯರು. ದೊಡ್ಡಾಕಿಯ ಕೈ ಗಟ್ಟಿ, ಆಕೆ ಮೆಣಸಿನಕಾಯಿಗೆ ಹೋಗಲಿ, ಸಣ್ಣಾಕಿ ಮನೆಯಲ್ಲಿರಲಿ ಎಂದು ಅತ್ತೆ ಹೇಳಿದ್ದಳು. ನಾನು ಹೋದೆ. ಸಂಜೆ ಬಂದರೆ ಎಷ್ಟೋ ಸಲ ನನ್ನ ಕೂಸು ಅವಳ ತೊಡೆಯ ಮೇಲೆ ಹೊಟ್ಟೆ ತುಂಬಿ ಮಲಗಿರುತ್ತಿತ್ತು. ಕೆಲವು ದಿನ ನನ್ನ ಎದೆಗೆ ಬಾಯಿ ಹಾಕುತ್ತಿರಲಿಲ್ಲ, ಹಾಲನ್ನು ಹಿಂಡಿ ಗಿಡದ ಬುಡಕ್ಕೆ ಚೆಲ್ಲುತ್ತಿದ್ದೆ. ಆ ಹೊಟ್ಟೆಕಿಚ್ಚು ಟೀವಿಗಿಂತ ಹಳೆಯದು. ಮಗಳಿಗೆ ಯಾಕೆ ಹೇಳಲಿಲ್ಲ ಅಂದರೆ, ಹೇಳಿದರೆ ಅವಳು ಚಿಗವ್ವನ ಕಡೆ ಇನ್ನೊಂದು ಹೆಜ್ಜೆ ಹೋಗುತ್ತಾಳೆ. ಈಗಲೇ ಹಬ್ಬಕ್ಕೆ ಬಂದರೆ ಅವಳು ಮೊದಲು ಗೋಡೆಯ ಆಚೆಯ ಮನೆಗೆ ಹೋಗುತ್ತಾಳೆ.

ಆದರೂ ಕತೆ ನನ್ನದು. ಉರಿದದ್ದು ನನ್ನ ಕೈ. ಒಂದು ದಿನ ಕೆಲಸ ಬಿಟ್ಟು ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟಿ ಹಾವೇರಿಗೆ ಹೋಗಿ, ಕೇಳಿ ಕೇಳಿ ಟೀವಿಯವರ ಆಫೀಸು ಹುಡುಕಿದೆ. ದೊಡ್ಡದಿರಬಹುದು ಎಂದುಕೊಂಡಿದ್ದೆ. ಔಷಧಿ ಅಂಗಡಿಯ ಮೇಲೆ ಒಂದು ಕೋಣೆ. ಹುಡುಗಿ ನನ್ನನ್ನು ನೋಡಿ ಎದ್ದು ನಿಂತಳು.

"ಅಜ್ಜಿ! ಬನ್ನಿ, ಚೆನ್ನಾಗಿ ಬಂತಲ್ವಾ?"

"ನನ್ನ ಕೈಗೆ ಆಕಿ ಬಾಯಿ ಯಾಕ ಹಚ್ಚಿದಿ?"

ಅವಳಿಗೆ ಅರ್ಥವಾಗಲಿಲ್ಲ. ಕುರ್ಚಿ ಕೊಟ್ಟು ಕಂಪ್ಯೂಟರ್ ತೋರಿಸಿದಳು. ಅದರಲ್ಲಿ ಒಂದರ ಕೆಳಗೆ ಒಂದು ಪಟ್ಟಿಗಳು, ಸೀರೆಯ ಅಂಚಿನ ಹಾಗೆ. "ನೋಡಿ ಅಜ್ಜಿ, ಮೇಲಿನದು ಚಿತ್ರ. ಅದರ ಕೆಳಗೆ ಮಾತು. ಅದರ ಕೆಳಗೆ ಸದ್ದು. ಮೂರನ್ನೂ ಬೇರೆ ಬೇರೆ ತಂದು ಇಲ್ಲಿ ಕೂಡಿಸ್ತೀವಿ. ಅವರು ಕೈ ಬಗ್ಗೆ ಮಾತಾಡುವಾಗ ಅವರ ಮುಖವನ್ನೇ ತೋರಿಸ್ತಿದ್ರೆ ನೋಡೋರಿಗೆ ಬೇಜಾರಾಗುತ್ತೆ. ಅದಕ್ಕೆ ಕೈ ಹಾಕ್ತೀವಿ. ನಿಮ್ಮ ಕೈ ತುಂಬ ಚೆನ್ನಾಗಿ ಬಂದಿತ್ತು."

"ಚಲೋ ಬಂದಿದ್ರ ಕೆಳಗ ನನ್ನ ಹೆಸರು ಯಾಕ ಹಾಕಲಿಲ್ಲ?"

"ಕೈಗೆ ಹೆಸರು ಹಾಕಲ್ಲ ಅಜ್ಜಿ. ಮಾತಾಡಿದೋರಿಗೆ ಹಾಕ್ತೀವಿ."

"ಮಾತಾಡಿದಾಕಿ ನಾನ. ಮೊದಲ ನಿನ್ನ ಮುಂದ ಹೇಳಿದಾಕಿ ಯಾರು?"

ಹುಡುಗಿ ತಲೆ ತಗ್ಗಿಸಿದಳು. "ಅವರನ್ನ ಕೂರಿಸಿದಾಗ ಅವರೂ ಅದನ್ನೇ ಹೇಳಿದ್ರು. ಒಂದೇ ಮನೆಯವರು, ಒಂದೇ ಕೆಲಸ, ಇಬ್ಬರಿಗೂ ಹಾಗೇ ಆಗಿರಬೇಕು ಅಂದ್ಕೊಂಡೆ. ಕೇಳಬೇಕಿತ್ತು, ಕೇಳಲಿಲ್ಲ. ಅದು ಅವರದಲ್ಲ ಅಂತಾದ್ರೆ ಫೋನಿನಲ್ಲಿ ಇರೋದನ್ನ ತೆಗೆಸ್ತೀನಿ, ಸರಿ ಮಾಡಿ ಮತ್ತೆ ಹಾಕ್ತೀನಿ. ಆದ್ರೆ ಈ ಸಲ ಎಲ್ಲರನ್ನೂ ಕೇಳಬೇಕು. ಅವರನ್ನೂ, ಆ ಮಗು ಇದ್ದಾರಲ್ಲ, ನಿಮ್ಮ ಮಗಳನ್ನೂ."

ಮಗಳನ್ನು ಕೇಳಿದರೆ ಮಗಳು ಚಿಗವ್ವನನ್ನು ಕೇಳುತ್ತಾಳೆ. ಚಿಗವ್ವ ಈಗ ಸುಮ್ಮನಿರುವುದಿಲ್ಲ. ಕತೆ ನನ್ನ ಕೈಗೆ ತಿರುಗಿ ಬಂದರೆ ಅದರ ಜೊತೆಗೆ ಹಾಲೂ ಬರುತ್ತದೆ. ಹಾಲು ಬೇಡವೆಂದರೆ ಕತೆ ಅವಳ ಮನೆಯಲ್ಲೇ ಇರಲಿ.

"ವಿಚಾರ ಮಾಡ್ತೇನಿ," ಎಂದು ಎದ್ದೆ. ಹುಡುಗಿ ಚಹಾ ತರಿಸಿದ್ದಳು. ಕುಡಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ಕುಡಿಯಬೇಕಿತ್ತು ಅನ್ನಿಸಿತು.

ವಿಚಾರ ಮಾಡಲು ನನಗೆ ಸಮಯ ಸಿಗಲಿಲ್ಲ. ಅದೇ ಭಾನುವಾರ ಮಗಳು ರಾಣೆಬೆನ್ನೂರಿನಿಂದ ಬಂದಳು. ಅವಳದು ಅಲ್ಲಿ ಹೊಲಿಗೆ ಅಂಗಡಿ, ಗಂಡ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿದ್ದಾನೆ. ಬಂದವಳು ಎಂದಿನಂತೆ ಆಚೆ ಮನೆಗೆ ಮೊದಲು ಹೋದಳು. ಆಮೇಲೆ ನೆಗೆಣ್ಣಿಯ ಕೈ ಹಿಡಿದುಕೊಂಡೇ ನಮ್ಮ ಮನೆಗೆ ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ.

"ಯವ್ವಾ, ಕುಂದ್ರು ಇಲ್ಲಿ. ಕೂಡಿ ನೋಡೂಣು," ಎಂದು ಫೋನಿನಲ್ಲಿ ಆ ಸುದ್ದಿ ಹಚ್ಚಿದಳು.

ಮತ್ತೆ ಚಟ್ ಚಟ್. ಮತ್ತೆ ಕೆಂಪು. ಆ ಸಣ್ಣ ಫೋನಿನಲ್ಲಿ ನನ್ನ ಕೈ ಸಣ್ಣದಾಗಿತ್ತು. ಕೆಮ್ಮು ಬಂದಾಗ ಮಗಳು ತಟ್ಟನೆ ನಿಲ್ಲಿಸಿದಳು. ಹಿಂದೆ ಸರಿಸಿ ಇನ್ನೊಮ್ಮೆ ಕೇಳಿದಳು.

"ಇದು ನಿನ್ನ ಕೆಮ್ಮು."

"ಯಾರದಾದರೂ ಆಗಲಿ," ಅಂದೆ.

"ನಿನ್ನ ಕೆಮ್ಮು ನನಗ ಗೊತ್ತಾಗೂದಿಲ್ಲೇನು? ಸಣ್ಣಾಕಿದ್ದಾಗಿಂದ ಗೋಡಿ ಆಚೆ ಕೇಳೇನಿ." ಮತ್ತೆ ಹಿಂದೆ ಸರಿಸಿದಳು, ಚಿತ್ರ ನಿಲ್ಲಿಸಿದಳು, ಬೆರಳಿನಿಂದ ದೊಡ್ಡದು ಮಾಡಿದಳು. ಹಿಟ್ಟು ಹತ್ತಿದ ನನ್ನ ಕೈಯನ್ನು ಎಳೆದುಕೊಂಡು ಪಕ್ಕದಲ್ಲಿಟ್ಟು ನೋಡಿದಳು. ಸೊಟ್ಟ ಉಗುರು. "ಕೈನೂ ನಿಂದ! ಮತ್ತ ಚಿಗವ್ವಾ, ನೀ ಹೆಣ್ಣಕೂಸು ಅಂದೀಯಲ್ಲ, ನಿನಗ ಹೆಣ್ಣ ಮಕ್ಕಳ ಇಲ್ಲ. ಆ ಕೂಸು ಯಾರು?"

ನೆಗೆಣ್ಣಿ ಹೇಳಬಹುದಿತ್ತು. ಹೇಳಲು ಎಲ್ಲ ಹಕ್ಕೂ ಇತ್ತು, ಬಾಯಿಯೂ ಇತ್ತು. ಅವಳು ನನ್ನ ಮುಖ ನೋಡುತ್ತ ಕೂತಳು, ಅಷ್ಟೇ. ಹೆಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು.

"ನೀನ," ಅಂದೆ. "ಕೂಸು ನೀನ. ಕೈ ಕಟಗೊಂಡು ಕುಂತಾಕಿ ನಾನು. ನಿನ್ನ ಎತ್ತಿ ಹಿಡದಾಕಿ ಇಕಿ. ಹಗಲೆಲ್ಲ ಇಕೀ ಹಾಲ ಕುಡದೀದಿ. ಈಗ ತಿಳೀತಿಲ್ಲೋ? ಆ ರೊಟ್ಟಿ ತಿರುವಿ ಹಾಕು."

ಯಾರೂ ರೊಟ್ಟಿ ತಿರುವಲಿಲ್ಲ. ಮಗಳು ಫೋನನ್ನು ನೆಲಕ್ಕಿಟ್ಟಳು. ಆಮೇಲೆ, "ಎಷ್ಟ ದಿನ ಕುಡಿಸಿದಿ ಚಿಗವ್ವಾ?" ಅಂದಳು.

"ಅದನ್ಯಾರು ಎಣಸ್ತಾರ? ನೀ ಕಡಿಯಾಕತ್ತಿದಿ, ಬಿಡಿಸಿದೆ," ಅಂದಳು ನೆಗೆಣ್ಣಿ.

ಮಗಳು ನಕ್ಕಳು, ಅತ್ತಳು, ಮತ್ತೆ ನಕ್ಕಳು. ನೆಗೆಣ್ಣಿಯಿಂದ ನಂಬರು ತೆಗೆದುಕೊಂಡು ಟೀವಿ ಹುಡುಗಿಗೆ ಆಗಲೇ ಫೋನು ಮಾಡಿ ಎಲ್ಲ ಹೇಳಿದಳು. ಹುಡುಗಿ ಹಳೆಯದನ್ನು ತೆಗೆಸುತ್ತೇನೆ, ಮತ್ತೆ ಬರುತ್ತೇನೆ, ಇಬ್ಬರೂ ಬೇಕು ಎಂದಳಂತೆ. ಸಂಜೆ ಹೊರಟು ನಿಂತಾಗ ಮಗಳು ಕಾಲಿಗೆ ಬಿದ್ದಳು. ದೊಡ್ಡವರ ಕಾಲಿಗೆ ಮೊದಲು ಬೀಳಬೇಕು, ಅದು ಅವಳಿಗೆ ನಾನೇ ಕಲಿಸಿದ್ದು. ಮೊದಲು ನೆಗೆಣ್ಣಿಯ ಕಾಲಿಗೆ ಬಿದ್ದಳು. ಆಮೇಲೆ ನನಗೆ. ನಾನು ನೋಡಿದೆ. ನೆಗೆಣ್ಣಿಯೂ ನೋಡಿದಳು. ಮಗಳು ಬೇಕೆಂದೇ ಮಾಡಿದಳೋ, ಕಾಲು ಹತ್ತಿರ ಇತ್ತೆಂದು ಮಾಡಿದಳೋ, ಈಗಲೂ ನನಗೆ ತಿಳಿಯದು. ಕೇಳಿಲ್ಲ.

ಟೀವಿಯವರು ಮತ್ತೆ ಬಂದರು. ಅದೇ ಹುಡುಗಿ, ಅದೇ ಕ್ಯಾಮೆರಾದವನು. ಇಬ್ಬರನ್ನೂ ಚೀಲಕ್ಕೆ ಒರಗಿಸಿ ಅಕ್ಕಪಕ್ಕ ಕೂರಿಸಿದರು, ಇಬ್ಬರಿಗೂ ಒಂದೊಂದು ಮೈಕು. ನೆಗೆಣ್ಣಿ ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು, ತುಂಬು ಮುರಿಯುವ ಕೆಲಸಕ್ಕೆ! ನಾನು ದಿನದ ಸೀರೆಯಲ್ಲೇ ಇದ್ದೆ. ಆದರೆ ಸೆರಗು ಬಿಚ್ಚಿ ಮುಖ ತೊಳೆದುಕೊಂಡಿದ್ದೆ.

"ಯಾರು ಮೊದಲು ಮಾತಾಡ್ತೀರಿ?" ಹುಡುಗಿ ಕೇಳಿದಳು.

"ನಾ ಹಿರ್ಯಾಕಿ. ನಾನ ಮೊದಲ."

ಹೇಳಿದೆ. ಮೊದಲಿನಿಂದ, ಪೂರ್ತಿ. ಘಾಟಿಗೆ ಗಂಟಲು ಕೆರೆಯುತ್ತಿತ್ತು, ಕೆಮ್ಮನ್ನು ನುಂಗಿ ನುಂಗಿ ಹೇಳಿದೆ. ಕೈ ಬೆನ್ನ ಹಿಂದೆ ಕಟ್ಟಿಕೊಂಡೆ ಎಂಬಲ್ಲಿಗೆ ಬಂದೆ. ಮುಂದಿನ ಮಾತಿಗೆ ಮೊದಲು ಸ್ವಲ್ಪ ನಿಂತೆ. ನೆಗೆಣ್ಣಿ ಪಕ್ಕದಲ್ಲಿ ಉಸಿರು ಹಿಡಿದು ಕೂತಿದ್ದಳು.

"ಇಕಿ ಕೂಸನ್ನ ಎತ್ತಿ ನನ್ನ ಎದಿಗೆ ಹಿಡೀತಿದ್ಲು," ಅಂದೆ. "ನನ್ನ ನೆಗೆಣ್ಣಿ."

ಅದೇ ಗಳಿಗೆಗೆ ಯಾರ್ಡಿನ ಗೇಟಿನಲ್ಲಿ ಮೆಣಸಿನಕಾಯಿ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಕ್ಯಾಮೆರಾದವನು ಕಿವಿಯಿಂದ ಯಂತ್ರ ತೆಗೆದು ತಲೆ ಅಲ್ಲಾಡಿಸಿದ.

"ಮಾತು ಮುಚ್ಚಿ ಹೋಯ್ತು ಅಜ್ಜಿ," ಹುಡುಗಿ ಹೆದರಿ ಹೆದರಿ ಹೇಳಿದಳು. "ಆ ಕಡೇ ಮಾತು ಒಂದನ್ನ ಇನ್ನೊಂದ್ಸಲ..."

ಸುತ್ತ ಕೂತ ಹೆಂಗಸರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಏನೆನ್ನುತ್ತೇನೆ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಬಾಯಿ ತೆರೆದಿದ್ದೆ.

ನೆಗೆಣ್ಣಿ ತನ್ನ ಮೈಕನ್ನು ಸರಿ ಮಾಡಿಕೊಂಡಳು. ಹುಡುಗಿಯ ಕಡೆ ಬಗ್ಗಿ, ಆ ಮೆತ್ತನೆಯ ದನಿಯಲ್ಲಿ, "ಯಕ್ಕಗ ತ್ರಾಸ ಆಗಾಕತ್ತೈತಿ. ನಾ ಹೇಳಲೇನವಾ?" ಅಂದಳು.

"ನೀ ಸುಮ್ಮ ಕುಂದ್ರು," ಅಂದೆ. ಕ್ಯಾಮೆರಾದ ಕಡೆ ತಿರುಗಿ ಎರಡನೇ ಸಲ ಹೇಳಿದೆ, ಮೊದಲಿಗಿಂತ ಜೋರಾಗಿ.